ಬಾಹುಬಲಿ ಖೋತರು ಊರಿಗೆ ಕಟ್ಟಿದ ಹಗ್ಗ

ಛಟ್ಟಿ ಅಮಾವಾಸ್ಯೆ ಕಳೆದು ಎಂಟು ದಿನವಾಗಿತ್ತು. ಹಳ್ಳದ ದಂಡೆಯ ಬಿಳಿಜೋಳ ಮೊಣಕಾಲಿಗೆ ಬಂದಿತ್ತು. ಕೆಂಚವ್ವ ತನ್ನ ಮೂವರು ಜೊತೆಗಾತಿಯರನ್ನು ಕಟ್ಟಿಕೊಂಡು ರಾಯಪ್ಪನ ಹೊಲದಲ್ಲಿ ಕಸ ತೆಗೆಯುತ್ತಿದ್ದಳು. ರಾಯಪ್ಪ ಬದುವಿನ ಮೇಲೆ ಕೂತು, ಅವರು ಎಷ್ಟು ಸಲ ನೀರು ಕುಡಿಯಲು ಎದ್ದರು ಎಂಬುದನ್ನು ಮನಸಿಟ್ಟು ನೋಡುತ್ತಿದ್ದ. ಸಕ್ಕರೆ ಕಾರ್ಖಾನೆಯ ಹಂಗಾಮು ಸುರುವಾಗಿತ್ತು. ಹುಕ್ಕೇರಿ ರಸ್ತೆಯ ತುಂಬ ಕಬ್ಬು ಹೇರಿದ ಗಾಡಿಗಳು ಬಸುರಿ ಹೆಂಗಸರ ಹಾಗೆ ನಿಧಾನಕ್ಕೆ ಸಾಗುತ್ತಿದ್ದವು.

ಅಂಥ ಒಂದು ಮುಂಜಾನೆ ಬಾಹುಬಲಿ ಖೋತರ ಎಮ್ಮೆ ಹಗ್ಗ ಹರಿದುಕೊಂಡಿತು. ನಮ್ಮ ಜೋಡಹಟ್ಟಿಯ ಚರಿತ್ರೆ ಬರೆಯುವವರು ಯಾರಾದರೂ ಇದ್ದರೆ ಇಲ್ಲಿಂದಲೇ ಸುರು ಮಾಡಬೇಕು.

ಜೋಡಹಟ್ಟಿ ಗೋಕಾಕ ತಾಲೂಕಿನ ಕಟ್ಟಕಡೆಯ ಊರು. ಊರ ಮುಂದಿನ ಹಳ್ಳ ದಾಟಿದರೆ ಹುಕ್ಕೇರಿ ತಾಲೂಕು. ಖೋತರಿಗೆ ಮೂರೆಕರೆ ಕಬ್ಬು, ಒಂದು ಎಮ್ಮೆ, ಕೊಲ್ಹಾಪುರ ಜಿಲ್ಲೆಯ ರೆಂದಾಳದಿಂದ ತಂದ ಹೆಂಡತಿ ತ್ರಿಶಲಾ ಮತ್ತು ಎಪ್ಪತ್ತು ದಾಟಿದರೂ ಊರಿನ ಯಾವ ಹೆರಿಗೆಯನ್ನೂ ತಪ್ಪಿಸದ ತಾಯಿ ಕಮಲಾಬಾಯಿ ಇದ್ದರು. ಮನುಷ್ಯ ಒಳ್ಳೆಯವರು. ಆದರೆ ಸಂತೆಗೆ ಹೋದರೆ ಒಂದು ಸಾಮಾನು, ಅದರ ಜೊತೆಗೊಂದು ಅಭಿಪ್ರಾಯ ತರದೆ ಬರುವವರಲ್ಲ. ಹಿಂದೊಮ್ಮೆ ಕೊಡೆ ತರಲು ಹೋಗಿ, ಕೊಡೆಯ ಜೊತೆಗೆ ಬೇವಿನ ರಸ ಕುಡಿದರೆ ಕನ್ನಡಕ ಬೇಕಾಗುವುದಿಲ್ಲ ಎಂಬ ಅಭಿಪ್ರಾಯವನ್ನೂ ತಂದು, ಮನೆಮಂದಿಯೆಲ್ಲ ಒಂದು ತಿಂಗಳು ಬಾಯಿ ಕಹಿ ಮಾಡಿಕೊಂಡಿದ್ದರು.

ಈ ಸಲ ಹುಕ್ಕೇರಿ ಸಂತೆಯಿಂದ ಎಮ್ಮೆಗೆ ಇಪ್ಪತ್ತು ಮೊಳದ ಹೊಸ ಹಗ್ಗ ತಂದರು. ಜೊತೆಗೆ ಗಡಿ ತಂದರು.

ಕಾರ್ಗಿಲ್ ಯುದ್ಧ ಮುಗಿದು ಇನ್ನೂ ಐದು ತಿಂಗಳಾಗಿರಲಿಲ್ಲ. ಚಹಾದ ಅಂಗಡಿಯಲ್ಲಿ ಕೂತವರೆಲ್ಲ ಸಕ್ಕರೆ ಡಬ್ಬಿಯನ್ನು ಬೆಟ್ಟ ಮಾಡಿ, ಬಸಿಗಳನ್ನು ಫೌಜು ಮಾಡಿ ಮಾತಾಡುತ್ತಿದ್ದ ಕಾಲ. ಸಂತೆಯಲ್ಲಿ ಒಂದು ಜೀಪು ಮೈಕಿನ ಕರ್ಣೆ ಕಟ್ಟಿಕೊಂಡು, ‘ಹೊರಗಿನವರು ನುಗ್ಗುತ್ತಿದ್ದಾರೆ, ನಮ್ಮವರ ಅನ್ನ ಕಸಿಯುತ್ತಿದ್ದಾರೆ, ಎಚ್ಚರಾಗಿರಿ’ ಎಂದು ಒದರುತ್ತ ಹೋಯಿತಂತೆ. ಯಾರು ನುಗ್ಗಿದರು, ಎಲ್ಲಿ ನುಗ್ಗಿದರು ಎಂಬುದನ್ನು ಜೀಪು ಹೇಳುವಷ್ಟರಲ್ಲಿ ಅದು ಮೂಡಲಗಿ ಕಡೆ ತಿರುಗಿಬಿಟ್ಟಿತು. ಉಳಿದದ್ದನ್ನು ಖೋತರು ಬಸ್ಸಿನಲ್ಲಿ ಕೂತು ತಾವೇ ಪೂರ್ತಿ ಮಾಡಿಕೊಂಡರು.

ಹೊರಗಿನವರು ಎಂದರೆ ನಮ್ಮೂರಿಗೆ ಒಬ್ಬರೇ: ಪ್ರತಿ ವರ್ಷ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಬರುವ ಗ್ಯಾಂಗು. ಹನ್ನೆರಡು ಜೋಡಿ ಗಂಡ ಹೆಂಡಿರು, ಅವರ ಮುಕಾದಮ ಧೋಂಡಿಬಾ, ಒಂದಿಷ್ಟು ಕೂಸುಗಳು, ಕೋಳಿಗಳು. ಏಳು ವರ್ಷದಿಂದ ಅವರು ಖೋತರ ಬೀಳು ಹೊಲದಲ್ಲೇ ಗುಡಿಸಲು ಹಾಕುತ್ತಿದ್ದರು, ಮೊದಲು ಖೋತರ ಕಬ್ಬನ್ನೇ ಕಡಿಯುತ್ತಿದ್ದರು. ಈ ಸಣ್ಣ ಸಂಗತಿ ಖೋತರ ಅಭಿಪ್ರಾಯಕ್ಕೆ ಅಡ್ಡ ಬರಲಿಲ್ಲ.

ಸಂಜೆ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ನಿಂತು ಅವರು ಹೇಳಿದರು: “ನಮ್ಮ ಕೆಂಚವ್ವ ಅದಾಳ. ಆಕಿ ಕೈಯಾಗ ಕುಡಗೋಲ ಐತಿ. ಆದ್ರ ಕಬ್ಬ ಕಡಿಯಾವ್ರು ಯಾರು? ಬೀಡದಾವ್ರು! ಯಾಕ? ಅವ್ರು ಸೋವಿ! ಇದು ಅನ್ಯಾಯ ಹೌದೋ ಅಲ್ಲೋ?”

ಕೆಂಚವ್ವ ಅಲ್ಲೇ ಇದ್ದಳು. ತನ್ನ ಹೆಸರು ಗುಡಿಯ ಕಟ್ಟೆಯ ಮೇಲಿಂದ ಕೇಳಿದ್ದು ಅದೇ ಮೊದಲು. “ಹೌದ್ರಿ ಸಾವ್ಕಾರ್ರ, ಅನ್ಯಾಯ,” ಅಂದಳು.

ಅಲ್ಲಿಗೆ ಜೋಡಹಟ್ಟಿ ಗಡಿ ಸಂರಕ್ಷಣಾ ಸಮಿತಿ ಹುಟ್ಟಿತು. ಖೋತರು ಅಧ್ಯಕ್ಷರು. ಬೇರೆ ಯಾರೂ ಕೇಳದ್ದರಿಂದ ರಾಯಪ್ಪ ಉಪಾಧ್ಯಕ್ಷ. ಸಮಿತಿಗೆ ಇದ್ದ ಆಸ್ತಿ ಇಪ್ಪತ್ತು ಮೊಳದ ಹಗ್ಗ. ಅದನ್ನು ಹಳ್ಳದ ಸೇತುವೆ ದಾಟಿ ಊರ ಕಡೆ ಬಂದ ಕೂಡಲೆ ಸಿಗುವ ಬೇವಿನ ಗಿಡಕ್ಕೂ ಎದುರಿನ ಲೈಟಿನ ಕಂಬಕ್ಕೂ ಬಿಗಿದರು. ಗಂಡಸರಿಗೆ ಹೊಲದ ಕೆಲಸ ಇದ್ದುದರಿಂದ ಕಾವಲಿಗೆ ಕೆಂಚವ್ವ ಮತ್ತು ಮೂವರು. “ಸಮಿತಿ ಪಗಾರ ಕೊಡ್ತೈತಿ,” ಎಂದರು ಖೋತರು. ಸಮಿತಿ ಎಂದರೆ ತಾವೇ ಎಂಬುದು ಅವರಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಎಮ್ಮೆ ಬಿಡುಗಡೆಯಾಗಿಯೇ ಉಳಿಯಿತು.

ಮರುದಿನ ಮಂಗಳವಾರ ಬೆಳಿಗ್ಗೆ ಧೋಂಡಿಬಾನ ಟ್ರ್ಯಾಕ್ಟರು ಬಂದು ಹಗ್ಗದ ಮುಂದೆ ನಿಂತಿತು. ಮೇಲೆ ಪಾತ್ರೆ, ಹಾಸಿಗೆ, ಮಂದಿ, ಕೋಳಿ. ಧೋಂಡಿಬಾ ಇಳಿದು ಕೈ ಮುಗಿದ.

“ರಾಮ್ ರಾಮ್ ಮಾಲಕ. ಹೊಸಾ ಹಗ್ಗ ಛಲೋ ಐತಿ. ಒಣಗಾಕ ಹಾಕೀರಿ ಏನ್?”

“ಇದು ಗಡಿ,” ಎಂದರು ಖೋತರು. “ಹೊರಗಿನಾವ್ರಿಗೆ ಬಂದ್.”

ಧೋಂಡಿಬಾ ನಕ್ಕ. ಪ್ರತಿ ವರ್ಷ ಬಂದಾಗ ಖೋತರು ಏನಾದರೊಂದು ಚೇಷ್ಟೆ ಮಾಡುವುದು ಅವನಿಗೆ ರೂಢಿ. “ಇರ್ಲಿ ಮಾಲಕ. ನಿಮ್ಮ ಆಯಿ ಎಲ್ಲಿ ಅದಾರ? ಅವ್ರದೊಂದು ಋಣ ಐತಿ ನಮ್ಮ ಮ್ಯಾಲ,” ಎಂದು ಬಗಲಿನ ಚೀಲ ಮುಟ್ಟಿದ. “ಹೋದ ವರ್ಸಿನ ಹಿಂದಿನ ವರ್ಸ ಬಾಕಿ ಉಳದದ್ದು. ಕೊಟ್ಟ ಬಿಡ್ತೇನಿ.”

“ಒಳಗ ಬರೂ ಹಂಗಿಲ್ಲ, ಒಳಗ ಏನೂ ಕಳಸೂ ಹಂಗಿಲ್ಲ.”

ಖೋತರ ಮುಖ ನೋಡಿ ಧೋಂಡಿಬಾನ ನಗು ಇಳಿಯಿತು. ಟ್ರ್ಯಾಕ್ಟರು ಹಿಂದೆ ಸರಿದು ಹಳ್ಳ ದಾಟಿ ಹುಕ್ಕೇರಿ ತಾಲೂಕಿನ ದಂಡೆಯಲ್ಲಿ ನಿಂತಿತು. ಮಧ್ಯಾಹ್ನದೊಳಗೆ ಅಲ್ಲಿ ಹನ್ನೆರಡು ಗುಡಿಸಲು ಎದ್ದವು. ಹಿಂದೆಯೇ ಖೋತರ ಎಮ್ಮೆ ಹಗ್ಗದ ಕೆಳಗೆ ನುಸುಳಿ ಅವರ ಹತ್ತಿರ ಹೋಯಿತು. ಏಳು ವರ್ಷದಿಂದ ಕಬ್ಬಿನ ಹಸಿ ಸೋಗೆ ತಿಂದದ್ದು ಅವರ ಕೈಯಲ್ಲೇ.

ಅದೇ ದಿನ ಗೋಕಾಕದಿಂದ ಹೋಗಿದ್ದ ಬಸ್ಸು ಹತ್ತು ಗಂಟೆಗೆ ಹುಕ್ಕೇರಿಯಿಂದ ತಿರುಗಿ ಬಂತು. ಹಗ್ಗ ನೋಡಿ ಕಂಡಕ್ಟರ್ ಇಳಿದು ಬಂದು ಕೆಂಚವ್ವನ ಕೈಗೆ ಒಂದು ರೂಪಾಯಿ ಇಟ್ಟ.

“ಗಣಪತಿ ಹೋಗಿ ಮೂರು ತಿಂಗಳಾತಲ್ಲಬೆ. ಈಗ ಇದು ಯಾವ ದೇವ್ರ ಪಟ್ಟಿ?”

“ಪಟ್ಟಿ ಅಲ್ಲ, ತಪಾಸಣಿ,” ಎಂದು ಖೋತರು ಮುಂದೆ ಬಂದರು. “ಹೊರಗಿನಾವ್ರನ್ನ ಇಳಸ್ರಿ.”

“ಒಳಗ ಅರವತ್ತು ಮಂದಿ ಅದಾರ್ರಿ. ನಿಮ್ಮೂರಾವ್ರು ಇಬ್ಬರು. ಐವತ್ತೆಂಟು ಮಂದಿನ್ನ ಇಳಿಸಿದ್ರ ಊಟಕ್ಕ ನೀವ ಹಾಕ್ತೀರೇನು?”

ಖೋತರು ಬಸ್ಸಿನೊಳಗಿನ ತಲೆ ಎಣಿಸತೊಡಗಿದರು.

“ಮತ್ತ ನಾನೂ ಹೊರಗಿನಾಂವ,” ಎಂದ ಕಂಡಕ್ಟರ್. “ರಾಯಬಾಗ ನಂದು. ಡ್ರೈವರ್ ಮುಧೋಳದಾಂವ. ನಾವಿಬ್ಬರೂ ಇಳದ ಬಿಡ್ತೇವಿ. ಬಸ್ ನೀವ ಹೊಡ್ಕೊಂಡ ಹೋಗ್ರಿ ಗೋಕಾಕಕ್ಕ.”

ಡ್ರೈವರು ಖರೇನೇ ಇಳಿದು ಬೇವಿನ ಗಿಡದ ಕೆಳಗೆ ಟವೆಲು ಹಾಸಿದ. ಬಸ್ಸಿನ ಕಿಡಕಿಗಳಿಂದ ಅರವತ್ತು ತಲೆ ಹೊರಬಂದು ಖೋತರ ಮನೆತನದ ಬಗ್ಗೆ ವಿಚಾರಿಸತೊಡಗಿದವು. ಬಸ್ಸಿಗೆ ವಿನಾಯಿತಿ ಕೊಡಲಾಗಿದೆ ಎಂದು ಖೋತರು ಸಾರಿ, ತಾವೇ ಹಗ್ಗ ಇಳಿಸಿದರು. ಕಂಡಕ್ಟರನ ಒಂದು ರೂಪಾಯಿ ಕೆಂಚವ್ವನ ಸೆರಗಿನಲ್ಲೇ ಉಳಿಯಿತು. ಸಮಿತಿಯಿಂದ ಯಾರಿಗಾದರೂ ದಕ್ಕಿದ ಮೊದಲ ಲಾಭ ಅದು.

ಬುಧವಾರ ಕಾರ್ಖಾನೆಯ ಫೀಲ್ಡಮನ್ ಮೋಟಾರ್ ಸೈಕಲ್ ಮೇಲೆ ಬಂದು ಖೋತರ ಕೈಗೆ ಕಬ್ಬು ಕಡಿಯುವ ಚೀಟಿ ಕೊಟ್ಟ. “ಶನಿವಾರ ಸಂಜಿಯೊಳಗ ನಿಮ್ಮ ಮೊದಲ್ನೇ ಗಾಡಿ ಕಾಟಾದ ಮ್ಯಾಲ ನಿಂತಿರಬೇಕ್ರಿ. ತೂಕ ಆಗ್ಲಿಲ್ಲಂದ್ರ ನಿಮ್ಮ ನಂಬರ ಕಡೀಕ ಹೋಗ್ತೈತಿ. ಹೋಳಿ ಹುಣ್ಣಿಮಿ ಆದಮ್ಯಾಲ.”

“ಅಷ್ಟ ಹೊತ್ತಿಗೆ ಒಣಗಿ ಕಟಿಗಿ ಆಗಿರ್ತೈತಲ್ರಿ!” ಖೋತರ ಕಬ್ಬು ಆಗಲೇ ತುದಿಯಲ್ಲಿ ಹೂವು ಬಿಟ್ಟು ತೂಕ ಇಳಿಸಿಕೊಳ್ಳತೊಡಗಿತ್ತು. ವರ್ಷದ ಬದುಕೆಲ್ಲ ಆ ಮೂರೆಕರೆಯಲ್ಲಿತ್ತು.

“ಅದಕ್ಕ ಲಗೂ ಕಡಸ್ರಿ. ನಿಮಗ ಕೊಟ್ಟ ಗ್ಯಾಂಗ್ ಧೋಂಡಿಬಾಂದ. ಎಲ್ಲಿ ಅದಾರ ಅವ್ರು?”

ಖೋತರು ಹಳ್ಳದ ಆಚೆ ನೋಡಿದರು. ಧೋಂಡಿಬಾನ ಗ್ಯಾಂಗು ಹುಕ್ಕೇರಿ ತಾಲೂಕಿನ ಯಾರದೋ ಕಬ್ಬಿಗೆ ಕತ್ತಿ ಹಾಕಿತ್ತು. ಕಬ್ಬು ಸಾಲುಸಾಲಾಗಿ ಮಲಗುತ್ತಿತ್ತು. ನಡುವೆ ನಿಂತು ಖೋತರ ಎಮ್ಮೆ ಸೋಗೆ ತಿನ್ನುತ್ತಿತ್ತು.

ಆದರೆ ಅಧ್ಯಕ್ಷರಾದವರು ಸೋಲುವ ಹಾಗಿಲ್ಲ. ಅವರು ನೆಟ್ಟಗೆ ಹಗ್ಗದ ಹತ್ತಿರ ಹೋಗಿ, “ಕೆಂಚವ್ವಾ, ನಿನ್ನ ದಿನ ಬಂತವಾ! ನಾಳಿಂದ ನನ್ನ ಕಬ್ಬ ನಿಂದ,” ಎಂದರು.

ಕೆಂಚವ್ವ ಎಲೆ ಅಡಿಕೆ ಉಗುಳಿ ಎದ್ದು ನಿಂತಳು. “ಕಡೀತೇವ್ರಿ. ನಾವು ನಾಕ ಮಂದಿ, ಇನ್ನ ಹತ್ತ ಮಂದಿನ್ನ ಕರೀತೇನಿ. ಗ್ಯಾಂಗಿನಾವ್ರಿಗೆ ಟನ್ನಿಗೆ ಏನ್ ಕೊಡ್ತಿದ್ರಿ, ಅದನ್ನ ಕೊಡ್ರಿ.”

“ಅದ ಹೆಂಗ? ಅವ್ರು ಬೀಡದಿಂದ ಬರಬೇಕು. ನಿಮಗ ಬಂದು ಹೋಗೂ ಖರ್ಚಿಲ್ಲ. ಊರಾವ್ರು ನೀವು, ಒಂದೀಟ ಕಡಿಮಿ ಮಾಡ್ರಿ.”

“ಮೊನ್ನಿ ಗುಡಿ ಕಟ್ಟಿ ಮ್ಯಾಲ, ಅವ್ರು ಸೋವಿ ಅಂತ ಬಂದ್ ಮಾಡಬೇಕು ಅಂದ್ರಿ.”

“ಅಂದೆ.”

“ಈಗ ನಾವು ಅವ್ರಕಿಂತಾ ಸೋವಿ ಆಗಬೇಕು ಅಂತೀರಿ.”

“ಊರಿನ ಅಭಿಮಾನ ಅಂತ ಒಂದ ಇರ್ತೈತಿ ಕೆಂಚವ್ವ.”

“ಅದನ್ನ ರೊಟ್ಟಿಗೆ ಹಚ್ಕೊಳ್ಳಾಕ ಬರ್ತೈತೇನ್ರಿ?” ಎಂದು ಕೆಂಚವ್ವ ಮತ್ತೆ ಕೂತಳು. “ನಾವು ಹಗ್ಗಾ ಕಾಯ್ತೇವಿ ತಗೋರಿ. ಇದರ ಪಗಾರ ಎರಡ ದಿನದ್ದ ಆತು.”

ಗುರುವಾರಕ್ಕೆ ಊರಿನಲ್ಲಿ ಗುಸುಗುಸು ಜೋರಾಯಿತು. ರಾಯಪ್ಪನಿಗೂ ಚೀಟಿ ಬಂದಿತ್ತು. “ಅಣ್ಣಾ, ಹಗ್ಗ ಬಿಚ್ಚಿ ಬಿಡೂಣು,” ಎಂದ.

“ಬಿಚ್ಚಿದ್ರ ಮಂದಿ ನಗ್ತಾರ. ಹೊರಗಿನಾವ್ರು ಯಾರು, ಒಳಗಿನಾವ್ರು ಯಾರು ಅನ್ನೂದು ಒಂದು ಕಾಯ್ದೆ ಆಗ್ಲಿ. ಕಾಯ್ದೆಶೀರ ಇದ್ರ ಕೆಂಚವ್ವಗೂ ತಿಳೀತೈತಿ, ಧೋಂಡಿಬಾಗೂ ತಿಳೀತೈತಿ.”

ಹೀಗೆ ಸಂಜೆ ಗುಡಿಯ ಮುಂದೆ ಎರಡನೆಯ ಸಭೆ ಕೂಡಿತು. ಒಳಗಿನವರನ್ನು ಗುರುತಿಸುವುದು ಹೇಗೆ? ಮರಾಠಿ ಮಾತಾಡುವವರು ಹೊರಗಿನವರು ಎಂದ ಯಾರೋ. ಕಮಲಾಬಾಯಿ ಸಿಟ್ಟು ಬಂದಾಗ ಮಗನನ್ನು ಬಯ್ಯುವುದೇ ಮರಾಠಿಯಲ್ಲಿ, ಆದ್ದರಿಂದ ಅದು ಬಿತ್ತು. ರೇಶನ್ ಕಾರ್ಡು ಎಂದ ಇನ್ನೊಬ್ಬ. ಊರಿನ ಅರ್ಧ ಕಾರ್ಡು ಅಂಗಡಿಯವನ ಹತ್ತಿರ ಒತ್ತೆ ಇದ್ದವು. ಕೊನೆಗೆ ಖೋತರೇ ಎದ್ದು ನಿಂತರು.

“ಹುಟ್ಟಿದ ಊರು ಸುಳ್ಳ ಹೇಳೂದಿಲ್ಲ. ಸಾಲಿ ರಜಿಸ್ಟರದಾಗ ಜನ್ಮಸ್ಥಳ ಬರದಿರ್ತಾರ. ಜೋಡಹಟ್ಟಿ ಅಂತ ಇದ್ರ ಒಳಗ. ಇಲ್ಲಂದ್ರ ಹಗ್ಗದ ಆಚೆ. ಅಧ್ಯಕ್ಷರಾದ್ರೂ ಅಷ್ಟ, ಆಳಾದ್ರೂ ಅಷ್ಟ!”

ಚಪ್ಪಾಳೆ ಬಿತ್ತು. ಗುರುಲಿಂಗಪ್ಪ ಮಾಸ್ತರರು ಸಾಲಿಯ ಟ್ರಂಕನ್ನೇ ಹೊರಿಸಿಕೊಂಡು ಬಂದರು. ನಲವತ್ತು ವರ್ಷದ ರಜಿಸ್ಟರುಗಳು, ಅಂಗನವಾಡಿಯ ಹುಟ್ಟಿನ ಪುಸ್ತಕ, ಒಂದು ಸತ್ತ ಹಲ್ಲಿ. ಮಾಸ್ತರರು ಬರೆದದ್ದನ್ನು ಓದುವ ಮನುಷ್ಯ, ಯೋಚಿಸಿ ಓದುವ ಮನುಷ್ಯರಲ್ಲ.

“ಮೊದಲು ಅಧ್ಯಕ್ಷರದ ಓದ್ರಿ,” ಎಂದರು ಖೋತರು, ಎದೆ ಮುಂದೆ ಮಾಡಿ.

ಮಾಸ್ತರರು ಕನ್ನಡಕ ಏರಿಸಿದರು. “ಬಾಹುಬಲಿ ಅಪ್ಪಾಸಾಹೇಬ ಖೋತ. ಜಾತಿ ಜೈನ. ಜನ್ಮಸ್ಥಳ... ಶಿರೋಳ, ಜಿಲ್ಲಾ ಕೊಲ್ಹಾಪುರ.”

ಗುಡಿಯ ಘಂಟೆಯ ಮೇಲೆ ಕೂತಿದ್ದ ಗುಬ್ಬಿ ಹಾರಿಹೋಯಿತು.

“ಅದ ಹೆಂಗ್ರಿ!” ಎಂದರು ಖೋತರು.

“ಹೆಂಗ ಅಂದ್ರ?” ಹೆಂಗಸರ ಸಾಲಿನಿಂದ ಕಮಲಾಬಾಯಿ ಎದ್ದು ನಿಂತರು. “ಚೊಚ್ಚಲ ಬಾಣಂತನ ಯಾರ ಮನ್ಯಾಗ ಮಾಡ್ತಾರೋ? ನಾ ತವರಮನಿಗೆ ಹೋಗಿ ಹಡದೆ. ನೀ ಮೂರು ತಿಂಗಳಾದ ಮ್ಯಾಲ ತೊಟ್ಟಲದಾಗ ಬಂದಿ. ಬರೂ ದಾರಿ ತುಂಬಾ ಅತ್ಕೋತ ಬಂದಿ.”

ಆಗ ಸಭೆಗೆ ಒಂದು ಭಯಂಕರ ವಿಷಯ ಹೊಳೆಯಿತು. ಊರಿನ ಹಿರಿಯ ಮಕ್ಕಳೆಲ್ಲ, ಎಷ್ಟೋ ಮನೆಗಳಲ್ಲಿ ಎರಡನೆಯವರು ಮೂರನೆಯವರೂ, ತಾಯಿಯ ತವರಿನಲ್ಲೇ ಹುಟ್ಟಿದವರು. ಮಾಸ್ತರರು ಓದುತ್ತ ಹೋದರು. ರಾಯಪ್ಪ: ಜನ್ಮಸ್ಥಳ ಮೇಲವಂಕಿ. ಗುಡಿಯ ಪೂಜಾರಿ: ಘಟಪ್ರಭಾ. ಚಹಾದ ಅಂಗಡಿಯವನು: ಸಂಕೇಶ್ವರ. ಒಬ್ಬೊಬ್ಬನ ಹೆಸರು ಬಂದಂತೆ ಒಬ್ಬೊಬ್ಬ ಕಟ್ಟೆಯಿಂದ ಕೆಳಗೆ ಇಳಿದ.

“ಮತ್ತ ನಾನು?” ಎಂದಳು ತ್ರಿಶಲಾ.

“ನಿಮ್ಮ ಹೆಸರ ನಮ್ಮ ಸಾಲಿ ರಜಿಸ್ಟರದಾಗ ಇಲ್ಲವ್ವ. ನೀವು ರೆಂದಾಳದಾವ್ರು.”

“ಹಂಗಾರ ನಾನೂ ಹೊರಗಿನಾಕಿ. ಇಪ್ಪತ್ತೆರಡು ವರ್ಷ ಪಗಾರ ಇಲ್ಲದ ದುಡದೇನಿ. ಇಷ್ಟ ಸೋವಿ ಆಳು ಬೀಡದಾಗೂ ಸಿಗೂದಿಲ್ಲ.” ತ್ರಿಶಲಾ ಸೆರಗು ಬಿಗಿದು ಎದ್ದಳು. “ನಡೀರಿ ಅತ್ತಿ. ನೀವೂ ಶಿರೋಳದಾವ್ರು. ಕಾಯ್ದೆ ಅಂದ್ರ ಕಾಯ್ದೆ.”

ಅತ್ತೆ ಸೊಸೆ ಸಾವಕಾಶ ನಡೆದುಕೊಂಡು ಹೋಗಿ, ಬಗ್ಗಿ, ಹಗ್ಗದ ಆಚೆ ದಾಟಿ ಕೂತರು. ಅವರ ಹಿಂದೆ ರಾಯಪ್ಪನ ಹೆಂಡತಿ. ಅವಳ ಹಿಂದೆ ಊರಿನ ಎಲ್ಲ ಸೊಸೆಯಂದಿರು. ಯಾವ ಮನೆಯಲ್ಲೂ ಅವತ್ತು ಒಲೆ ಹೊತ್ತಲಿಲ್ಲ. ಕೆಂಚವ್ವನೂ ಮದುವೆಯಾಗಿ ಬಂದವಳೇ. ಅವಳು ಹಗ್ಗದ ಈಚೆಯಿಂದ ಆಚೆಗೆ ದಾಟಿ, “ಕಾವಲಾ ಆ ಕಡಿಂದ್ಲೂ ಕಾಯಾಕ ಬರ್ತೈತ್ರಿ,” ಎಂದಳು. ಗಂಡಸರು ಹಸಿದುಕೊಂಡು, ಹೆಂಡಿರನ್ನು ಬೈಯಲು ಹೋದವರು, ತಾವೂ ಹೊರಗಿನವರೆಂಬುದು ನೆನಪಾಗಿ ಅಲ್ಲೇ ಆಚೆ ಕೂತರು. ಖೋತರು ಎಲ್ಲರಿಗಿಂತ ಕೊನೆಗೆ ದಾಟಿದರು. ಅಧ್ಯಕ್ಷರಿಗೆ ಬಗ್ಗಿ ರೂಢಿಯಿರಲಿಲ್ಲ, ಟೋಪಿ ಬಿತ್ತು.

ಊರೊಳಗೆ ಉಳಿದವರು ಒಂದಿಷ್ಟು ಕಿರಿಯ ಮಕ್ಕಳು, ನಾಯಿಗಳು ಮತ್ತು ಪರಪ್ಪ.

ಪರಪ್ಪ ಆರನೆಯ ಮಗ. ಅವನ ತಾಯಿ ಅಷ್ಟು ಹೊತ್ತಿಗೆ ತವರಿಗೆ ಹೋಗುವುದನ್ನು ಬಿಟ್ಟಿದ್ದಳು. ಮದುವೆಯಿಲ್ಲ, ಕೆಲಸವಿಲ್ಲ. ಗುಡಿಯ ಹಿಂದಿನ ನೆರಳೇ ಅವನ ಮನೆ. ನಲವತ್ತು ವರ್ಷದಲ್ಲಿ ಗೋಕಾಕ ದಾಟಿದವನಲ್ಲ. “ಪರಪ್ಪ ದುಂಡಪ್ಪ. ಜನ್ಮಸ್ಥಳ ಜೋಡಹಟ್ಟಿ,” ಎಂದು ಮಾಸ್ತರರು ಓದಿದಾಗ ಅವನು ನಿದ್ದೆಯಿಂದ ಎದ್ದು, ವಿಷಯ ಕೇಳಿ ತಿಳಿದುಕೊಂಡು, ಮುಖ ತೊಳೆದು, ಹಗ್ಗದ ಹತ್ತಿರ ಬಂದು ನಿಂತ. ಅವನು ತನ್ನಷ್ಟಕ್ಕೆ ತಾನು ಮುಖ ತೊಳೆದದ್ದನ್ನು ಊರು ಅದೇ ಮೊದಲು ಕಂಡಿತು.

ಮಾಸ್ತರರು ಬೈಲಹೊಂಗಲದವರು. ಅವರು ಟ್ರಂಕಿನ ಸಮೇತ ಆಚೆ ಹೋದರು.

ಕತ್ತಲಾಗುವುದರೊಳಗೆ ಖೋತರು ಹೊಟ್ಟೆ ಹಿಡಿದುಕೊಂಡು ಹಗ್ಗ ಎತ್ತಿದರು.

“ಏ ಏ, ಎಲ್ಲಿಗೆ?” ಎಂದ ಪರಪ್ಪ.

“ನನ್ನ ಮನಿಗೋ!”

“ಕಾಗದ?”

“ಪರ್ಯಾ, ಹೋದ ವಾರ ನಿನಗ ಚಾ ಕುಡಿಸೇನಿ!”

“ಅದು ಒಳಗಿದ್ದಾಗಿಂದು. ಸಾಲ್ಯಾಗ ಬರದದ್ದ ಖರೆ, ನೀವ ಹೇಳೀರಿ. ಕೊಲ್ಹಾಪುರ ಬಸ್ ಮುಂಜಾನಿ ಬರ್ತೈತಿ. ಅಲ್ಲೀತನಾ ಕುಂಡರ್ರಿ.”

ಹಳ್ಳದ ದಂಡೆಯಲ್ಲಿ ಧೋಂಡಿಬಾನ ಗ್ಯಾಂಗು ಒಲೆ ಹಚ್ಚಿತ್ತು. ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಇಡೀ ಜೋಡಹಟ್ಟಿ ಆ ಸದ್ದು ಕೇಳುತ್ತ ರಸ್ತೆಯ ಮೇಲೆ ಕೂತಿತ್ತು. ಸ್ವಲ್ಪ ಹೊತ್ತಿಗೆ ಧೋಂಡಿಬಾ ಎದ್ದು ಬಂದ. ಹಿಂದೆ ಬುಟ್ಟಿ ಹೊತ್ತ ಹೆಂಗಸರು. “ಮಾಲಕ, ರೊಟ್ಟಿ, ಖಾರ. ಜೈನರ ಮನಿಯಾವ್ರು ಹೊತ್ತ ಮುಳುಗಿದ ಮ್ಯಾಲ ಉಣ್ಣೂದಿಲ್ಲ ಅಂತ ಲಗೂ ಮಾಡಿಸೇನಿ.”

ಖೋತರು ರೊಟ್ಟಿ ನೋಡಿದರು. ರೊಟ್ಟಿಯ ಆಚೆ ತಮ್ಮ ಎಮ್ಮೆ ಕಂಡಿತು. ಅದರ ಮುಖದಲ್ಲಿ ಯಾವ ತಾಲೂಕಿನ ವ್ಯತ್ಯಾಸವೂ ಇರಲಿಲ್ಲ. ಅವರು ಕೈ ಚಾಚಿ ಇಸಿದುಕೊಂಡು ಉಂಡರು.

ಧೋಂಡಿಬಾನ ಮೊಮ್ಮಗಳು, ಎರಡು ವರ್ಷದ ಕೂಸು, ತಪ್ಪು ಹೆಜ್ಜೆ ಹಾಕುತ್ತ ಬಂದು ಕಮಲಾಬಾಯಿಯ ಮಡಿಲಿಗೆ ಬಿತ್ತು. ಕಮಲಾಬಾಯಿ ಅದರ ಗದ್ದ ಹಿಡಿದು ನೋಡಿದರು. “ಅಯ್ಯ, ಇದು ಅದ ಕೂಸಲ್ಲೇನೋ ಧೋಂಡಿಬಾ? ನಮ್ಮ ದನದ ಕೊಟ್ಟಿಗ್ಯಾಗ ನಾನ ತಗದದ್ದು? ಆ ಅಕಾಲದ ಮಳ್ಯಾಗ?”

“ಹೌದ್ರಿ ಆಯಿ. ನಿಮ್ಮ ಹೆಸರ ಇಟ್ಟೇವಿ. ಕಮಲ.”

ಕಮಲಾಬಾಯಿ ತಟಕ್ಕನೆ ಮಾಸ್ತರರ ಕಡೆ ತಿರುಗಿದರು. “ಮಾಸ್ತರ್ರ, ಅಂಗನವಾಡಿ ಪುಸ್ತಕ ತಗೀರಿ.”

ಮಾಸ್ತರರು ಟ್ರಂಕಿನ ಮೇಲೆ ಕಂದೀಲು ಇಟ್ಟು ಹುಡುಕಿದರು. “ಹೆಣ್ಣು ಕೂಸು. ತಂದಿ ಬೀಡ ಜಿಲ್ಲಾ. ಜನ್ಮಸ್ಥಳ... ಜೋಡಹಟ್ಟಿ, ಬಾಹುಬಲಿ ಖೋತ ಇವರ ಕೊಟ್ಟಿಗೆ.”

ಎಲ್ಲರೂ ಒಮ್ಮೆಲೆ ಪರಪ್ಪನನ್ನು ನೋಡಿದರು. ಪರಪ್ಪ ತಲೆ ಕೆರೆದುಕೊಂಡ. ಅವನ ಅಧಿಕಾರಕ್ಕೆ ಮೊದಲ ಪ್ರಶ್ನೆ ಬಂದಿತ್ತು.

“ಕೂಸು ಒಳಗ ಬರಬಹುದು,” ಎಂದ ಗಂಭೀರವಾಗಿ.

“ಎರಡು ವರ್ಷದ ಕೂಸು ಒಂದ ಹೆಂಗ ಬರ್ತೈತೋ?” ಎಂದಳು ತ್ರಿಶಲಾ. “ಅದರವ್ವ ಬ್ಯಾಡೇನು?”

“ಅವ್ವ ಬರ್ಲಿ.”

“ಅವ್ವನ ಗಂಡ?”

“ಅಂವಾ ಬರ್ಲಿ.”

“ಕೂಸಿನ ಅಜ್ಜ? ದೊಡ್ಡಪ್ಪ, ಚಿಗವ್ವ? ಕತ್ತಿ ಹಿಡಿಯಾವ್ರೆಲ್ಲಾ ಅದರ ಬಳಗನ.”

ಪರಪ್ಪ ಬೆರಳು ಮಡಚಿ ಎಣಿಸಿ ಸೋತ. “ಬಳಗಾ ಎಲ್ಲಾ ಬರ್ಲಿ. ಆದ್ರ ನನಗೂ ಎರಡ ರೊಟ್ಟಿ.”

ರೊಟ್ಟಿ ಹಗ್ಗದ ಮೇಲಿನಿಂದ ದಾಟಿದವು. ಧೋಂಡಿಬಾ ಮಾತ್ರ ಕದಲಲಿಲ್ಲ. “ಮಾಲಕ ನಮ್ಮನ್ನ ಬರಬ್ಯಾಡ ಅಂದಾರ. ಮಾಲಕ ಕರದ್ರ ಬರ್ತೇವಿ.”

ಎಲ್ಲರ ಕಣ್ಣು ಖೋತರ ಮೇಲೆ. ಖೋತರು ಗಂಟಲು ಸರಿಮಾಡಿಕೊಂಡರು, ಟೋಪಿ ಸರಿಮಾಡಿಕೊಂಡರು, ಸರಿ ಮಾಡಿಕೊಳ್ಳಲು ಬೇರೇನೂ ಉಳಿಯಲಿಲ್ಲ. “ನಾನೂ ಹೊರಗಿನಾಂವ ಆಗೇನಲ್ಲೋ ಧೋಂಡಿಬಾ. ನಿನ್ನ ಮೊಮ್ಮಗಳ ಮ್ಯಾಲ ನನಗೇನರ ಹಕ್ಕ ಐತೇನು?”

“ನಿಮ್ಮ ಕೊಟ್ಟಿಗ್ಯಾಗ ಹುಟ್ಯಾಳ. ಎತ್ಕೋರಿ.”

“ತಡೀರಿ,” ಎಂದಳು ತ್ರಿಶಲಾ. “ಕೆಂಚವ್ವಗ ಗ್ಯಾಂಗಿನ ದರಾನ ಕೊಡ್ತೀರೋ ಇಲ್ಲೋ? ಅದನ್ನ ಹೇಳಿ ಎತ್ಕೋರಿ. ಇಲ್ಲಂದ್ರ ನಾ ಮುಂಜಾನಿ ಬಸ್ಸಿಗೆ ಕೊಲ್ಹಾಪುರಕ್ಕ.”

“ಕೊಡ್ತೇನಿ.”

“ಜೋರ ಹೇಳ್ರಿ. ಗುಡಿ ಕಟ್ಟಿ ಮ್ಯಾಲ ಹೇಳಿದಂಗ.”

“ಕೊಡ್ತೇನಿ! ಅದ ದರ! ಒಂದ ಪೈಸಾ ಕಡಿಮಿ ಇಲ್ಲ!”

ಹೀಗೆ ಜೋಡಹಟ್ಟಿ ಗಡಿ ಸಂರಕ್ಷಣಾ ಸಮಿತಿಯ ಅಧ್ಯಕ್ಷರು, ಬೀಡ ಜಿಲ್ಲೆಯ ಕೂಸನ್ನು ಬಗಲಲ್ಲಿ ಎತ್ತಿಕೊಂಡು, ಅದರ ಬಳಗದವರೆಂಬ ಲೆಕ್ಕದಲ್ಲಿ ತಮ್ಮ ಸ್ವಂತ ಊರನ್ನು ಪ್ರವೇಶಿಸಿದರು. ಹಗ್ಗ ದಾಟುವಾಗ ಕೂಸು ಅವರ ಟೋಪಿ ಕಿತ್ತು ಪರಪ್ಪನ ಮೇಲೆ ಎಸೆಯಿತು. ಅವನು ಅದನ್ನು ಹಾಕಿಕೊಂಡು, ಹಿಂದೆ ಬಂದ ಇಡೀ ಊರನ್ನು ಕೂಸಿನ ಬಳಗದ ಲೆಕ್ಕಕ್ಕೇ ಸೇರಿಸಿ ಒಳಗೆ ಬಿಟ್ಟ. ಧೋಂಡಿಬಾ ದಾಟಿದ ಕೂಡಲೆ ಚೀಲ ಬಿಚ್ಚಿ, ಮಡಿಕೆ ಮುರಿಯದ ಒಂದು ಇಳಕಲ್ ಸೀರೆ, ಅದರ ಮೇಲೊಂದು ಕುಬಸದ ಖಣ ತೆಗೆದು ಕಮಲಾಬಾಯಿಯ ಉಡಿಗೆ ಹಾಕಿದ. ಸೂಲಗಿತ್ತಿಯ ಋಣ ಮೂರನೆಯ ವರ್ಷಕ್ಕೆ ಹೋಗಬಾರದಂತೆ. ಕಮಲಾಬಾಯಿ ಕಣ್ಣು ಒರೆಸಿಕೊಳ್ಳುತ್ತ ಮಗನನ್ನು ಮರಾಠಿಯಲ್ಲಿ ಬಯ್ದರು.

ಶುಕ್ರವಾರ ನಸುಕಿಗೆ ಹನ್ನೆರಡು ಜೋಡಿ ಬೀಡದ ಕತ್ತಿಗಳು, ಹದಿನಾಲ್ಕು ಜೋಡಹಟ್ಟಿಯ ಕುಡಗೋಲುಗಳು ಖೋತರ ಕಬ್ಬಿಗೆ ಬಿದ್ದವು. ಕೆಂಚವ್ವ ಧೋಂಡಿಬಾನಿಗೆ, “ನಿನ್ನ ದರ ನೀ ಏರಿಸಿದ್ರ ನಂದೂ ಏರ್ತೈತಿ, ಕಾಕಾ. ಮುಂದಿನ ವರ್ಸ ನೆನಪಿರ್ಲಿ,” ಎಂದು ಹೇಳುತ್ತಿದ್ದುದನ್ನು ಖೋತರು ಕೇಳಿಯೂ ಕೇಳದವರಂತೆ ಇದ್ದರು. ಶನಿವಾರ ಹೊತ್ತು ಮುಳುಗಲು ಗೇಣು ಇರುವಾಗ ಮೊದಲ ಗಾಡಿ ಕಾಟಾದ ಮೇಲೆ ನಿಂತಿತು. ತೂಕ ಬರಬೇಕಾದ್ದಕ್ಕಿಂತ ಸ್ವಲ್ಪ ಕಡಿಮೆ ಬಂತು. ಖೋತರು ಅದನ್ನು ಕಬ್ಬಿನ ಹೂವಿನ ಮೇಲೆ ಹಾಕಿದರು. ಎರಡು ದಿನವೂ ಅದೇ ಹೊಲದಲ್ಲಿ ಮೇದ ಎಮ್ಮೆಯ ವಿಷಯ ಯಾರೂ ಎತ್ತಲಿಲ್ಲ.

ಐತವಾರ ಕೆಂಚವ್ವ ಖೋತರ ಅಂಗಳಕ್ಕೆ ಬಂದು ನಿಂತಳು. ಹೆಗಲ ಮೇಲೆ ಇಪ್ಪತ್ತು ಮೊಳದ ಹಗ್ಗ.

“ಹಗ್ಗಾ ಕಾಯ್ದ ಪಗಾರ್ರಿ. ನಾಕ ಮಂದಿ, ಮೂರ ದಿನ.”

“ಅದು ಸಮಿತಿ ಕೊಡೂದವ್ವ.”

“ಸಮಿತಿ ಎಲ್ಲೈತ್ರಿ?”

ಖೋತರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಒಳಗಿನಿಂದ ತ್ರಿಶಲಾ ಕೆಮ್ಮಿದಳು. ಖೋತರು ಒಳಗಿನ ಕಿಸೆಗೆ ಕೈ ಹಾಕಿ ರೊಕ್ಕ ತೆಗೆದು ಕೊಟ್ಟರು. ಕೆಂಚವ್ವ ಸೆರಗಿಗೆ ಗಂಟು ಹಾಕಿಕೊಂಡು ಹೊರಟಳು. ಹಗ್ಗ ಹೆಗಲ ಮೇಲೆಯೇ ಇತ್ತು.

“ಕೆಂಚವ್ವಾ, ಹಗ್ಗ! ಎಮ್ಮಿ ಕಟ್ಟಬೇಕವಾ!”

“ಪಗಾರ ಮುಟ್ಟಿತ್ರಿ ಸಾವ್ಕಾರ್ರ,” ಎಂದಳು ಕೆಂಚವ್ವ ತಿರುಗಿ ನೋಡದೆ. “ಹಗ್ಗ ನನ್ನ ಹಂತೇಕ ಇರ್ಲಿ. ಮತ್ತೊಂದ ಜೀಪ್ ಬಂದಾಗ ನಿಮ್ಮ ಕೈಗೆ ಸಿಗಬಾರದು.”

ಮುಂದಿನ ವಾರದ ಸಂತೆಗೆ ಖೋತರು ಹೊಸ ಹಗ್ಗ ತರಲು ಹೊರಟರು. ತ್ರಿಶಲಾ ಅವರ ಕೈಯಿಂದ ಚೀಲ ಇಸಿದುಕೊಂಡು ತಾನೇ ಹೋದಳು. ಹಗ್ಗವನ್ನಷ್ಟೇ ತಂದಳು.